ಮಾವನ ಬಂದೂಕಿನ ಲಟಲಟ

ಆ ಮನೆಯಲ್ಲಿ ಅಲುಗಾಡುವ ವಸ್ತುವಿಗೆ ಉಳಿಗಾಲವಿರಲಿಲ್ಲ. ಮೇಜಿನ ಕಾಲು ಕುಂಟಿದರೆ ಊಟ ಮುಗಿಯುವುದರೊಳಗೆ ಯಾರೋ ಅದರಡಿ ಏನನ್ನೋ ತುರುಕಿರುತ್ತಿದ್ದರು. ಯಾರು ಎಂದು ಕೇಳುವ ಅಗತ್ಯವೂ ಇರಲಿಲ್ಲ. ರಟ್ಟಿನ ಚೂರಿದ್ದರೆ ಅದು ಸೊಸೆಯ ಕೈ. ಅವಳು ಹಳೆ ಪುಸ್ತಕಗಳಿಗೆ ಹೊಸ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ ಮಾಡುವವಳು. ರಬ್ಬರಿನ ಬಳೆಯಿದ್ದರೆ ಅದು ಅವಳ ಗಂಡನದು. ಊರವರ ಸೋರುವ ನಲ್ಲಿಗಳೇ ಅವನ ಹೊಟ್ಟೆಪಾಡು. ದಪ್ಪ ಉಣ್ಣೆಬಟ್ಟೆಯ ತುಂಡಿದ್ದರೆ ಅತ್ತೆಯದು; ಕಿಟಕಿಯ ಪಕ್ಕ ಹೊಲಿಗೆ ಮಿಷನ್ನು ಹಾಕಿಕೊಂಡು ಅವರು ಊರಿಗೆಲ್ಲ ಕೋಟು ಹೊಲಿದುಕೊಡುತ್ತಿದ್ದರು. ಮಾವ ಮಾತ್ರ ಎಲ್ಲಿಗೂ ಏನನ್ನೂ ತುರುಕಿದವರಲ್ಲ. ನೇಯ್ಗೆ ಗಿರಣಿಯಲ್ಲಿ ಮಗ್ಗಗಳನ್ನು ರಿಪೇರಿ ಮಾಡಿ ನಿವೃತ್ತರಾದವರು. ಗಿರಣಿಯು ಅವರ ಕಿವಿಯನ್ನು ತಾನೇ ಇಟ್ಟುಕೊಂಡು ಮನುಷ್ಯನನ್ನಷ್ಟೇ ಮನೆಗೆ ಕಳಿಸಿತ್ತು. ಕೇಳಿಸದವರಿಗೆ ಅಲುಗಾಟದ ಗೊಡವೆಯೇಕೆ?

ಹೀಗೆ ಎಲ್ಲ ನೆಮ್ಮದಿಯಾಗಿರುವಾಗ ಮಗ ಹಟ ಹಿಡಿದು ಅಪ್ಪನಿಗೆ ಕಿವಿಯ ಮಿಷನ್ನು ಹಾಕಿಸಿಬಿಟ್ಟ.

ಮೊದಲ ದಿನ ಮಾವ ಗೋಡೆಯ ಕಡೆ ನೋಡುತ್ತ ಕೂತರು.

"ಇದೇನೇ, ಈ ಗಡಿಯಾರ ಸದ್ದು ಮಾಡುತ್ತಾ?"

"ನಮ್ಮ ಮದುವೇಲಿ ಬಂದಿದ್ದು ರೀ. ಅವತ್ತಿಂದ ಮಾಡ್ತಾನೇ ಇದೆ," ಎಂದರು ಅತ್ತೆ.

ಎರಡನೆಯ ದಿನ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಇಷ್ಟು ವರ್ಷ ನನ್ನ ಹೀಗೇ ಬೈತಿದ್ಯಾ ನೀನು?" ಎಂದು ಕೇಳಿದರು.

"ಹೂಂ. ಬೈದಿದ್ದನ್ನ ನಾನೊಬ್ಬಳೇ ಕೇಳ್ಕೊಂಡು ನಂಗೂ ಬೇಜಾರಾಗಿತ್ತು. ಈಗ ಜೊತೆ ಸಿಕ್ತು."

ಸೊಸೆ ತಟ್ಟೆ ಒರೆಸುವ ನೆಪದಲ್ಲಿ ಆ ಕಡೆ ತಿರುಗಿ ನಕ್ಕಳು. ನಕ್ಕದ್ದೂ ಮಾವನಿಗೆ ಕೇಳಿಸಿತು. ಅಲ್ಲಿಂದ ಆ ಮನೆಯಲ್ಲಿ ಗುಟ್ಟು ಎನ್ನುವುದು ಕಷ್ಟವಾಯಿತು. ಸೂಪು ಸೊರ್ ಎನ್ನಿಸುವಂತಿಲ್ಲ, ಚಮಚ ತಟ್ಟೆಗೆ ತಾಗಿಸುವಂತಿಲ್ಲ. ಗಂಟಲು ಗರಗಸದಂತಿದ್ದ ಮೊಮ್ಮಗಳಿಗೆ ಮನೆಯವರೆಲ್ಲ ಪಿಟೀಲು ಎಂದು ಹೆಸರಿಟ್ಟಿದ್ದರು. ಅವಳು ಹಾಡಿದರೆ ಮಾತ್ರ ಮಾವ ಮಿಷನ್ನಿನ ಗುಂಡಿಯನ್ನು ಇನ್ನೂ ಏರಿಸಿಕೊಂಡು, "ಎಷ್ಟು ಚೆನ್ನಾಗಿ ಹಾಡುತ್ತೆ ನಮ್ಮ ಮಗು! ಯಾರೂ ನಂಗೆ ಹೇಳ್ಲೇ ಇಲ್ಲವಲ್ಲ!" ಎನ್ನುತ್ತಿದ್ದರು. ಉಳಿದವರು ಮುಖ ಮುಖ ನೋಡಿಕೊಳ್ಳುತ್ತಿದ್ದರು.

ಬಂದೂಕಿನ ತಕರಾರು ಶುರುವಾದದ್ದು ಆ ವಾರದ ಶನಿವಾರ.

ಮಾವನಿಗಿದ್ದ ಚಟ ಒಂದೇ. ಪ್ರತಿ ಶನಿವಾರ ಹಳೆಯ ರೈಫಲನ್ನು ಕ್ಯಾನ್ವಾಸಿನ ಚೀಲದಲ್ಲಿ ಹಾಕಿ, ಹೆಗಲಿಗೇರಿಸಿ, ಊರಾಚೆಯ ಗುರಿಹೊಡೆಯುವ ಕ್ಲಬ್ಬಿಗೆ ನಡೆದುಕೊಂಡು ಹೋಗುವುದು. ಕಾಗದದ ವೃತ್ತಗಳಿಗೆ ಹೊಡೆಯುವುದು. ಹಳೆ ಗೆಳೆಯರ ಜೊತೆ ಚಹಾ ಕುಡಿದು ಮಧ್ಯಾಹ್ನದ ಊಟಕ್ಕೆ ಬರುವುದು. ಜೀವವಿದ್ದ ಯಾವುದಕ್ಕೂ ಅವರು ಗುರಿಯಿಟ್ಟವರಲ್ಲ. ಅಡುಗೆಮನೆಗೆ ಇಲಿ ಬಂದರೆ ಕುರ್ಚಿ ಹತ್ತಿ ಹೆಂಡತಿಯನ್ನು ಕೂಗುವವರು. ಬಂದೂಕು ಮನೆಯಲ್ಲಿರುವುದಕ್ಕೆ ಅತ್ತೆ ಮದುವೆಯ ಹೊಸತರಲ್ಲೇ ಒಂದು ಕಟ್ಟಳೆ ಹಾಕಿದ್ದರು. ಕಬ್ಬಿಣದ ಬೀರುವಿನ ಕೀಲಿ ಮಾವನ ಸೊಂಟದಲ್ಲಿ. ಬಂದೂಕಿನ ಬೋಲ್ಟು, ಅಂದರೆ ಗುಂಡನ್ನು ಒಳಗೆ ದೂಡಿ ಬಾಯಿ ಮುಚ್ಚುವ ಉಕ್ಕಿನ ತುಂಡು, ಅತ್ತೆಯ ದಾರದ ಡಬ್ಬಿಯಲ್ಲಿ. ಮನೆಯಲ್ಲಿ ಅದನ್ನು 'ಚಿಲಕ' ಎನ್ನುತ್ತಿದ್ದರು. ಚಿಲಕವಿಲ್ಲದ ಬಂದೂಕು ಬರೀ ಕೊಳವೆ. ಶನಿವಾರ ಬೆಳಿಗ್ಗೆ ಮಾವ ಕೈ ಚಾಚಬೇಕು, ಅತ್ತೆ ದಾರದುಂಡೆಗಳ ನಡುವಿನಿಂದ ಅದನ್ನು ತೆಗೆದುಕೊಡಬೇಕು; ಊಟಕ್ಕೆ ಕೂರುವ ಮುಂಚೆ ಅದು ಡಬ್ಬಿಗೆ ವಾಪಸು ಬರಬೇಕು. ಜಗಳವಾಡಿದ ವಾರವೂ ಈ ಪದ್ಧತಿ ತಪ್ಪಿರಲಿಲ್ಲ.

ಆ ಶನಿವಾರ ಮಾವ ಮೆಟ್ಟಿಲು ಹತ್ತಿ ಬಂದವರೇ ಚೀಲ ಇಳಿಸದೆ ಬಾಗಿಲಲ್ಲೇ ನಿಂತರು.

"ಹಾಳಾಯ್ತು. ಬಂದೂಕು ಲಟಲಟ ಅಂತಿದೆ. ಒಳಗಿನ ಪೆಟ್ಟಿಗೆ ಸಡಿಲ ಆಗಿದೆ."

ಆ ರೈಫಲಿನಲ್ಲಿ ಗುಂಡು ತುಂಬುವ ಪೆಟ್ಟಿಗೆ ಹೊರಗೆ ಕಾಣುವುದಿಲ್ಲ. ತೆಳು ತಗಡಿನ ಆ ಡಬ್ಬಿ ಮರದ ಹೊಟ್ಟೆಯೊಳಗೆ ಕೂತಿರುತ್ತದೆ. ಮೇಲೆ ನಳಿಗೆಯ ಕಬ್ಬಿಣ, ಕೆಳಗೆ ತಳದ ತಟ್ಟೆ, ಇಡೀ ಬಂದೂಕನ್ನು ಹಿಡಿದಿಡಲು ಹಿಂದೊಂದು ಮುಂದೊಂದು ಸ್ಕ್ರೂ.

"ಅದು ಮೊದಲಿಂದಲೂ ಹಾಗೇ ರೀ," ಎಂದರು ಅತ್ತೆ.

"ಮೊದಲಿಂದಲೂ ಹೇಗಿರುತ್ತೆ? ನಾನು ಒಂದು ದಿನಾನೂ ಕೇಳಿಲ್ಲ."

"ನೀವು ಏನನ್ನ ಕೇಳಿದ್ರಿ, ಹೇಳಿ ನೋಡೋಣ! ಮೆಟ್ಟಿಲ ಮೇಲೆ ಆ ಸದ್ದು ಬಂದ್ಮೇಲೇ ನಾನು ಮೊಟ್ಟೆ ಒಡೀತಿದ್ದಿದ್ದು. ಇಲ್ಲಾಂದ್ರೆ ಬಿಸಿಬಿಸಿ ಆಮ್ಲೆಟ್ಟು ತಟ್ಟೆಗೆ ಹ್ಯಾಗೆ ಬರ್ತಿತ್ತು ಅಂದ್ಕೊಂಡಿದ್ರಿ?"

ಮಾವ ನಂಬಲಿಲ್ಲ. ಊಟದ ನಡುವೆ ಬಂದೂಕನ್ನು ಎತ್ತಿ ಅಲ್ಲಾಡಿಸಿ, "ಕೇಳು, ಕೇಳು," ಎಂದರು.

ಮಗನಿಗೆ ರೇಗಿತು. "ಅಪ್ಪಾ, ಊಟದ ಮೇಜಿನ ಮೇಲೆ ಅದೆಲ್ಲ ಯಾಕೆ? ಮಗು ಇದೆ. ಸಡಿಲ ಆಗಿದ್ರೆ ಇನ್ನೂ ಒಳ್ಳೇದು, ಕೊಟ್ಬಿಡಿ ಯಾರಿಗಾದ್ರೂ. ಈ ವಯಸ್ಸಲ್ಲಿ ಬಂದೂಕು ಹೊತ್ಕೊಂಡು ಬೀದೀಲಿ ಓಡಾಡ್ಬೇಕಾ?"

"ನಿಂಗಿಂತ ಮುಂಚೆ ಬಂದಿದ್ದು ಅದು ಈ ಮನೆಗೆ."

"ಹಂಗಾದ್ರೆ ನನ್ನನ್ನೇ ಕೊಟ್ಬಿಡಿ!"

"ತಗೊಳ್ಳೋರು ಬೇಕಲ್ಲ," ಎಂದು ಮಾವ ಬ್ರೆಡ್ಡು ಮುರಿದರು.

ಭಾನುವಾರ ಊಟವಾದ ಮೇಲೆ ಹಳೆ ದುಪ್ಪಟಿ ಹಾಸಿ, ಖಾಲಿಯಿದೆಯೇ ಎಂದು ಬೆರಳಿಟ್ಟು ಮತ್ತೆ ಮತ್ತೆ ನೋಡಿ, ಸ್ಕ್ರೂ ಬಿಚ್ಚಿ ಬಂದೂಕನ್ನು ತುಂಡು ತುಂಡಾಗಿ ಹರಡುವುದು ಮಾವನ ರೂಢಿ. ನಳಿಗೆ ಒರೆಸಿ ಎಣ್ಣೆ ಹಚ್ಚಿ, "ಎಣ್ಣೆ ಕುಡೀಲಿ ಸ್ವಲ್ಪ," ಎಂದು ಕುರ್ಚಿಗೆ ಒರಗುವರು. ಎಣ್ಣೆ ಕುಡಿಯುತ್ತಿತ್ತೋ ಬಿಡುತ್ತಿತ್ತೋ, ಅವರಂತೂ ಗೊರಕೆ ಹೊಡೆಯುತ್ತಿದ್ದರು. ಎದ್ದ ಮೇಲೆ ಜೋಡಣೆ. ಕಣ್ಣು ಮೊದಲಿನಂತಿರಲಿಲ್ಲ, ಅಭ್ಯಾಸಬಲದಿಂದ ಕೈಯೇ ಎಲ್ಲವನ್ನೂ ಕೂರಿಸಿಬಿಡುತ್ತಿತ್ತು.

ಮೊದಲ ಭಾನುವಾರ ಅವರು ಎರಡೂ ಸ್ಕ್ರೂಗಳನ್ನು ಜೋರಾಗಿ ಬಿಗಿದರು. ಮುಂದಿನ ಶನಿವಾರ ಬರುವಾಗ ಲಟಲಟ ಹೋಗಿ ಲೊಟಲೊಟ ಆಗಿತ್ತು. "ನೋಡ್ದ್ಯಾ? ಸ್ವಲ್ಪ ಬಿಗಿದಿದ್ದಕ್ಕೇ ಅರ್ಧ ಸರಿಹೋಯ್ತು," ಎಂದರು. ಆದರೆ ಗುರಿ ಸರಿಯಿರಲಿಲ್ಲವಂತೆ. ವೃತ್ತದ ಅಂಚಿಗೆ ಹೊಡೆದು ಬಂದಿದ್ದರು.

ಅದರ ಮುಂದಿನ ವಾರ ಸದ್ದು ಇನ್ನೂ ಸಣ್ಣದಾಯಿತು. ಟಕ್ ಎಂದು ಎಲ್ಲೋ ಒಮ್ಮೆ. ಗುರಿ ಇನ್ನೂ ಕೆಟ್ಟಿತು. "ಗಾಳಿ ಇತ್ತು," ಎಂದರು ಮಾವ. ಅಂದು ಒಗೆದ ಬಟ್ಟೆ ಹಗ್ಗದ ಮೇಲೆ ಅಲುಗಾಡದೆ ನೇತಾಡುತ್ತಿದ್ದುದನ್ನು ಸೊಸೆ ಕಂಡಿದ್ದಳು.

ಆ ಭಾನುವಾರ ಮಾವ ಗೊರಕೆಯಲ್ಲಿದ್ದಾಗ ಅವಳೇ ದುಪ್ಪಟಿಯ ಪಕ್ಕ ಕೂತಳು. ಪಾಪ, ಆ ಉಳಿದ ಟಕ್ ಎನ್ನುವುದೊಂದು ನಿಂತುಬಿಟ್ಟರೆ ಮುದುಕರ ಮನಸ್ಸು ನಿರಾಳವಾದೀತು, ಗುರಿಯೂ ಕುದುರೀತು ಎಂಬುದು ಅವಳ ಲೆಕ್ಕಾಚಾರ. ತಗಡಿನ ಪೆಟ್ಟಿಗೆಯ ಮೇಲಂಚಿಗೆ ಕಪ್ಪು ರಟ್ಟಿನ ಸಣ್ಣ ಪಟ್ಟಿ ಕತ್ತರಿಸಿ, ಪುಸ್ತಕದ ಬೆನ್ನಿಗೆ ಹಚ್ಚುವ ಗೋಂದಿನಿಂದ ಅಂಟಿಸಿದಳು. ಅಂಚಿಗೆ ಅಂಚು ಕೂಡಿತು, ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲ. ತನ್ನ ಕೈಗೆ ತಾನೇ ಶಹಬ್ಬಾಸ್ ಹೇಳಿಕೊಂಡು ಎದ್ದು ಹೋದಳು.

ಮುಂದಿನ ಶನಿವಾರ ಮೆಟ್ಟಿಲ ಮೇಲೆ ಸದ್ದೇ ಇಲ್ಲ.

ಬಾಗಿಲು ತೆರೆದುಕೊಂಡಾಗ ಅತ್ತೆ ಇನ್ನೂ ಹೊಲಿಗೆ ಮಿಷನ್ನಿನ ಮುಂದೆ ಕೂತಿದ್ದರು. ಬಾಣಲೆ ತಣ್ಣಗಿತ್ತು.

"ಅಯ್ಯೋ, ಬಂದೇಬಿಟ್ರಾ? ಗೊತ್ತೇ ಆಗ್ಲಿಲ್ವಲ್ರೀ!"

"ಇರ್ಲಿ ಬಿಡು. ಹಸಿವಿಲ್ಲ."

ಅತ್ತೆ ಗಾಬರಿಯಾದರು. ಚೆನ್ನಾಗಿ ಹೊಡೆದ ದಿನ ಮಾವನಿಗೆ ಎರಡು ಮೊಟ್ಟೆ ಬೇಕು, ಕೆಟ್ಟ ದಿನ ಒಂದು. ಹಸಿವಿಲ್ಲ ಎನ್ನುವುದು ಆ ಬಾಯಿಂದ ಬಂದ ಮಾತೇ ಅಲ್ಲ.

ಮಾವ ಚೀಲವನ್ನು ಮೂಲೆಗೆ ಒರಗಿಸಿ, ಚಿಲಕವನ್ನು ತೆಗೆದು ತಾವೇ ದಾರದ ಡಬ್ಬಿಗೆ ಹಾಕಿದರು. ಆಮೇಲೆ ಮೇಜಿನ ಮುಂದೆ ಕೂತು ತಮ್ಮ ಬಲಗೈಯನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಕಾಗದಕ್ಕೇ ತಾಗ್ಲಿಲ್ಲ ಕಣೇ. ಒಂದು ಅತ್ಲಾಗೆ, ಒಂದು ಇತ್ಲಾಗೆ. ಬಂದೂಕು ಪಕ್ಕಾ ಸರಿಯಾಗಿದೆ, ಒಂದು ಚೂರು ಅಲ್ಲಾಡಲ್ಲ. ಕೆಟ್ಟಿರೋದು ನಾನೇ."

ಗೋಡೆಯ ಗಡಿಯಾರ ತನ್ನ ಪಾಡಿಗೆ ತಾನು ಮಾತಾಡುತ್ತಿತ್ತು.

"ಕ್ಲಬ್ಬಿನ ಸೆಕ್ರೆಟರಿಗೆ ಹೇಳಿ ಬಂದೆ. ಯಾರೋ ಹೊಸಬನಿಗೆ ಬೇಕಂತೆ. ನಾಳೆ ಸಂಜೆ ಬಂದು ನೋಡ್ತಾರೆ. ಕೊಟ್ಟು ಕೈ ತೊಳ್ಕೊಳ್ಳೋಣ."

ಇಷ್ಟು ದಿನ ಕೊಟ್ಟುಬಿಡಿ, ಕೊಟ್ಟುಬಿಡಿ ಎನ್ನುತ್ತಿದ್ದ ಮಗ ಸೂಪಿನ ಬಟ್ಟಲಿನಿಂದ ತಲೆಯೆತ್ತಿದ. "ಅಷ್ಟು ಅರ್ಜೆಂಟ್ ಏನಿದೆ ಅಪ್ಪ?"

"ನೀನೇ ತಾನೇ ಹೇಳ್ತಿದ್ದಿದ್ದು?"

"ನಾನು ಸಾವಿರ ಹೇಳ್ತೀನಿ. ನನ್ ಮಾತು ಯಾವತ್ತು ಕೇಳಿದ್ರಿ ನೀವು?"

"ಈಗ ಕಿವಿ ಕೇಳ್ಸುತ್ತಲ್ಲಪ್ಪ," ಎಂದರು ಮಾವ. ಅದರಲ್ಲಿ ಕುಹಕವಿರಲಿಲ್ಲ. ಅದೇ ಎಲ್ಲರಿಗೂ ಕಷ್ಟವಾಯಿತು.

ಅತ್ತೆ ಎದ್ದು ದಾರದ ಡಬ್ಬಿಯ ಮುಚ್ಚಳ ಒತ್ತಿ ಹಾಕಿ, ಅದನ್ನು ಕಂಕುಳಲ್ಲಿ ಇಟ್ಟುಕೊಂಡರು.

"ಬಂದೂಕು ನಿಮ್ದು, ಯಾರಿಗಾದ್ರೂ ಕೊಟ್ಕೊಳ್ಳಿ. ಚಿಲಕ ನಂದು. ನಾನು ಕೊಡಲ್ಲ."

"ಚಿಲಕ ಇಲ್ದೆ ಅದನ್ನ ತಗೊಂಡು ಅವನೇನು ಮಾಡ್ತಾನೆ?"

"ಊದ್ಲಿ! ನಂಗೇನು? ಶನಿವಾರ ಪೂರ್ತಿ ನೀವು ಮನೇಲಿ ಕೂತು ನಾನು ಉಸಿರಾಡಿದ್ದು ಕೇಳ್ಕೊಂಡಿದ್ರೆ ನನ್ನ ಗತಿ ಏನು ಅಂತ ಯೋಚನೆ ಮಾಡಿದ್ರಾ?"

ಎಲ್ಲರೂ ನಕ್ಕರು, ಮಾವನೂ ತುಟಿಯಂಚಿನಲ್ಲಿ ನಕ್ಕರು. ಆದರೆ ಅತ್ತೆ ಆಮೇಲೆ ಮಾಡಿಕೊಟ್ಟ ಆಮ್ಲೆಟ್ಟು ಅರ್ಧ ತಟ್ಟೆಯಲ್ಲೇ ಉಳಿಯಿತು. ಕ್ಲಬ್ಬು, ನಡಿಗೆ, ಗೆಳೆಯರು, ಚಹಾ ಎಲ್ಲ ಆ ಕೊಳವೆಯ ಜೊತೆಗೇ ಮನೆಯಿಂದ ಹೊರಟುಹೋಗುತ್ತವೆ ಎಂಬುದು ಸೊಸೆಗೆ ಆಗ ಹೊಳೆಯಿತು.

ಭಾನುವಾರ ಮಾವ ಊಟವಾದೊಡನೆ ದುಪ್ಪಟಿ ಹಾಸಿದರು. ಕೊನೆಯ ಸಲ ಒರೆಸಿ ಕೊಡಬೇಕಲ್ಲ. ಅತ್ತೆ ಕಿಟಕಿಯ ಬಳಿ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡೇ ಗುಂಡಿ ಹೊಲಿಯುತ್ತಿದ್ದರು. ಮಗ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ತೊಟ್ಟಿಯಡಿ ಮಲಗಿ, ಸೋರದ ಕೊಳವೆಯನ್ನು ರಿಪೇರಿ ಮಾಡುತ್ತಿದ್ದ. ಸೊಸೆ ಮಾವನ ಎದುರಿಗೆ ಬಂದು ಕೂತಳು.

"ಒಂದು ಕೇಳ್ಲಾ ಮಾವ? ಈ ಸ್ಕ್ರೂಗಳ ತಲೆ ಹೀಗೆ ಎದ್ದು ನಿಂತಿರ್ಬೇಕಾ?"

ಮಾವ ಹೆಬ್ಬೆರಳು ಆಡಿಸಿದರು. "ಇಲ್ಲಮ್ಮ. ತಟ್ಟೆಗೆ ಸಮ ಇರ್ಬೇಕು. ಹೂಂ... ಎದ್ದಿದೆ ಅಲ್ವಾ? ಇತ್ತೀಚೆಗೆ ಎರಡು ಸುತ್ತಿಗೇ ಬಿಗಿಯಾಗ್ತಿತ್ತು. ಒಳ್ಳೇದೇ ಆಯ್ತು ಅಂದ್ಕೊಂಡೆ."

ಸೊಸೆಗೆ ತನ್ನ ರಟ್ಟಿನ ಪಟ್ಟಿ ನೆನಪಾಯಿತು. ಅಂಗಡಿಯಲ್ಲಿ ಪುಸ್ತಕಗಳನ್ನು ಒತ್ತುವ ಪ್ರೆಸ್ಸಿನ ಕಥೆಯೂ ಇದೇ ಅಲ್ಲವೇ? ಹಲಗೆಗಳ ನಡುವೆ ಎಲ್ಲೋ ಒಂದು ಚೂರು ದಪ್ಪ ಸೇರಿಕೊಂಡರೆ ತಿರುಪು ಅದರ ಮೇಲೇ ಬಿಗಿದು ನಿಲ್ಲುತ್ತದೆ. ತಿರುಗಿಸಿದವನ ಕೈಗೆ ಗಟ್ಟಿ ಎನ್ನಿಸುತ್ತದೆ, ಪಕ್ಕದ ಪುಸ್ತಕ ಮಾತ್ರ ಸಡಿಲವಾಗಿಯೇ ಇರುತ್ತದೆ. ಅದನ್ನು ಪತ್ತೆಮಾಡಲು ಅಲ್ಲಿ ಕಾಗದ ತೂರಿಸಿ ನೋಡುತ್ತಾರೆ. ಅವಳು ಮೊಮ್ಮಗಳ ಚಿತ್ರದ ಹಾಳೆಯಿಂದ ಒಂದು ಪಟ್ಟಿ ಹರಿದು, ನಳಿಗೆಯ ಕಬ್ಬಿಣಕ್ಕೂ ಮರಕ್ಕೂ ನಡುವೆ ತೂರಿಸಿದಳು. ಕಚ್ಚಿ ಹಿಡಿಯಬೇಕಾದಲ್ಲಿ ಕಾಗದ ಬೆಣ್ಣೆಯಲ್ಲಿ ಜಾರಿದಂತೆ ಜಾರಿ ಆ ಕಡೆಯಿಂದ ಹೊರಬಂತು.

"ಇದು ಮರದ ಮೇಲೆ ಕೂತೇ ಇಲ್ಲ ಮಾವ."

ಮಾವ ಕನ್ನಡಕವನ್ನು ಹಣೆಗೇರಿಸಿ, ಇಳಿಸಿ, ಮತ್ತೆ ಏರಿಸಿದರು. ತಾವೇ ಕಾಗದ ತೂರಿಸಿದರು. "ಅರೆ! ಇದೇನಿದು? ಕಬ್ಬಿಣ ಯಾವುದರ ಮೇಲೆ ನಿಂತಿದೆ ಹಾಗಾದ್ರೆ?"

"ಪೆಟ್ಟಿಗೆ ಮೇಲೆ ಇರ್ಬೇಕು." ಸೊಸೆಯ ದನಿ ಅಲ್ಲಿಗೇ ಸಣ್ಣದಾಯಿತು. "ಮಾವ, ಬೈಬೇಡಿ. ಹೋದ ವಾರ ನೀವು ಮಲಗಿದ್ದಾಗ ನಾನೇ ಪೆಟ್ಟಿಗೆ ಅಂಚಿಗೆ ಒಂಚೂರು ರಟ್ಟು ಅಂಟಿಸಿದ್ದೆ. ಸದ್ದು ನಿಲ್ಲಲಿ ಅಂತ."

ಅಡುಗೆಮನೆಯಲ್ಲಿ ಸ್ಪಾನರಿನ ಸದ್ದು ನಿಂತಿತು. ಕಿಟಕಿಯ ಬಳಿ ಸೂಜಿ ನಿಂತಿತು.

ಮಾವ ಸ್ಕ್ರೂ ಬಿಚ್ಚಿದರು. ಕಬ್ಬಿಣವನ್ನು ಎತ್ತಿದರು. ಪೆಟ್ಟಿಗೆಯ ಮೇಲಂಚಿನಲ್ಲಿ ಅಚ್ಚುಕಟ್ಟಾದ ಕಪ್ಪು ರಟ್ಟು. "ಕೆಲಸ ಮಾತ್ರ ಚೆಂದ," ಎಂದು ಉಗುರಿನಿಂದ ಕಿತ್ತರು. ಸ್ಪ್ರಿಂಗು ತೆಗೆದು, ಪೆಟ್ಟಿಗೆಯನ್ನು ಎಳೆದು ಬೋರಲು ಹಾಕಿದರು. ತಳದಿಂದ ಕಪ್ಪು ರಬ್ಬರಿನ ಬಳೆಯೊಂದು ದುಪ್ಪಟಿಯ ಮೇಲೆ ಬಿದ್ದು, ಉರುಳಿ, ಸೊಸೆಯ ಮೊಣಕಾಲಿನ ಹತ್ತಿರ ಹೋಗಿ ಮಲಗಿತು.

ಮಾವ ಅದನ್ನು ಎತ್ತಿ ಬೆಳಕಿಗೆ ಹಿಡಿದರು. "ಇದು ಯಾವ ನಲ್ಲೀದಪ್ಪ?"

ಅಡುಗೆಮನೆಯಲ್ಲಿ ಸ್ಪಾನರು ಮತ್ತೆ ಸದ್ದು ಮಾಡತೊಡಗಿತು.

"ನಿಂಗೇ ಕಣೋ ಕೇಳ್ತಿರೋದು. ಹೊರಗೆ ಬಾ."

ಮಗ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲ ಚೌಕಟ್ಟಿಗೆ ಒರಗಿದ. "ಅದು... ನೀವು ದಿನಾ ಗೊಣಗ್ತಿದ್ರಲ್ಲ. ಒಂದು ರಿಂಗ್ ಹಾಕಿದ್ರೆ ಮುಗೀತು ಅಂತ."

"ಕೊಟ್ಬಿಡಿ ಕೊಟ್ಬಿಡಿ ಅಂತಿದ್ದೋನು, ಕಳ್ಳನ ಹಾಗೆ ಬಂದು ರಿಪೇರಿ ಮಾಡಿದ್ಯಾ!" ಎಂದಳು ಸೊಸೆ. "ನಂಗಾದ್ರೂ ಒಂದು ಮಾತು ಹೇಳ್ಬಾರ್ದಿತ್ತಾ?"

"ನೀನು ಹೇಳಿದ್ಯಾ?"

ಅಷ್ಟರಲ್ಲಿ ಮಾವ ತಳದ ತಟ್ಟೆಯ ಗೀರಿನೊಳಗಿಂದ ಇನ್ನೇನನ್ನೋ ಸೂಜಿಮೊನೆಯಿಂದ ಎಬ್ಬಿಸುತ್ತಿದ್ದರು. ಹೊರಬಂದದ್ದು ಕಪ್ಪು ಉಣ್ಣೆಬಟ್ಟೆ. ಗೀರಿನ ಉದ್ದಕ್ಕೆ ಸರಿಯಾಗಿ ಕತ್ತರಿಸಿದ್ದು. ದಾರ ಬಿಚ್ಚದಂತೆ ಅದರ ಅಂಚಿಗೆ ಹೊಲಿಗೆ ಬೇರೆ.

ಎಲ್ಲರೂ ಕಿಟಕಿಯ ಕಡೆ ತಿರುಗಿದರು. ಅತ್ತೆ ಗುಂಡಿಯ ತೂತನ್ನೇ ದಿಟ್ಟಿಸುತ್ತಿದ್ದರು.

"ನೀನೂನಾ?" ಎಂದರು ಮಾವ. "ಮೊದಲಿಂದಲೂ ಅದು ಹಾಗೇ ಅಂತ ಹೇಳ್ದೋಳೇ ನೀನು!"

"ಹೇಳ್ದೆ. ನೀವು ನಂಬಿದ್ರಾ? ನಂಬದೋರ ಹತ್ರ ಎಷ್ಟು ದಿನ ಕೂಗಾಡ್ಲಿ? ಮೊದಲ ಭಾನುವಾರಾನೇ ಇಟ್ಬಿಟ್ಟೆ. ಅದೂ ಒಳ್ಳೇ ಬಟ್ಟೆ, ವಕೀಲರ ಕೋಟಿನ ಉಳಿಕೆ."

ಮಾವ ಮೂರನ್ನೂ ದುಪ್ಪಟಿಯ ಮೇಲೆ ಸಾಲಾಗಿಟ್ಟರು: ರಟ್ಟು, ರಬ್ಬರು, ಉಣ್ಣೆ. ನೋಡುತ್ತ ನೋಡುತ್ತ ಅವರ ಭುಜ ಅಲುಗತೊಡಗಿತು. ಅಳುತ್ತಿದ್ದಾರೇನೋ ಎಂದು ಸೊಸೆ ಹೆದರಿದಳು. ಅವರು ನಗುತ್ತಿದ್ದರು, ಕಣ್ಣಲ್ಲಿ ನೀರು ಬರುವಷ್ಟು, ಕಿವಿಯ ಮಿಷನ್ನು ಕುಯ್ಯೆಂದು ಕೂಗಿಕೊಳ್ಳುವಷ್ಟು.

"ಕಬ್ಬಿಣ ಮರದ ಮೇಲೆ ಕೂರೋ ಬದಲು ನಿಮ್ಮೂರು ಜನದ ಮೇಲೆ ಕೂತಿತ್ತು! ಒಂದೊಂದು ಗುಂಡು ಹಾರಿಸಿದಾಗ್ಲೂ ಕದಲದೆ ಇನ್ನೇನು ಮಾಡುತ್ತೆ? ಈ ಪೆಟ್ಟಿಗೆ ಅನ್ನೋದು ಗುಂಡು ಇಟ್ಕೊಳ್ಳೋಕೆ ಮಾತ್ರ. ಅದಕ್ಕೆ ಒಂಚೂರು ಆಟ ಇರ್ಲೇಬೇಕು. ಮಗ್ಗದ ಲಾಳಿಗೂ ಅಷ್ಟೇ, ಬಿಗಿ ಮಾಡಿದ್ರೆ ದಾರ ಹರಿಯುತ್ತೆ. ಗಿರಣೀಲಿ ಹುಡುಗರಿಗೆಲ್ಲ ಇದನ್ನೇ ಬೈದು ಬೈದು ಕಲಿಸ್ತಿದ್ದೆ." ಸ್ವಲ್ಪ ತಡೆದು, "ಅಂದ್ರೆ ಇದು ನಿಜವಾಗ್ಲೂ ಮೊದಲಿಂದಲೂ ಲಟಲಟ ಅಂತಿತ್ತಾ?" ಎಂದು ಹೆಂಡತಿಯನ್ನು ಕೇಳಿದರು.

"ನಿಮ್ಮಾಣೆ."

ಮಾವ ಪೆಟ್ಟಿಗೆಯನ್ನು ಬರಿದಾಗಿಯೇ ಕೂರಿಸಿ, ಸ್ಕ್ರೂ ಬಿಗಿದರು. ತಲೆ ತಟ್ಟೆಗೆ ಸಮವಾಗಿ ಇಳಿಯಿತು. ಸೊಸೆ ಕಾಗದ ತೂರಿಸಿದಳು. ಕಬ್ಬಿಣ ಅದನ್ನು ಕಚ್ಚಿ ಹಿಡಿಯಿತು. ಎಳೆದರೆ ಹರಿದು ಬಂತೇ ಹೊರತು ಜಾರಲಿಲ್ಲ. ಮಾವ ಬಂದೂಕನ್ನು ಅಲ್ಲಾಡಿಸಿದರು. ಲಟಲಟ.

ಸೆಕ್ರೆಟರಿ ಬಂದಾಗ ಸಂಜೆಯಾಗಿತ್ತು. ಬಾಗಿಲು ತೆಗೆದದ್ದು ಮಗ.

"ಬಂದೂಕು ನೋಡೋಣ ಅಂತ..."

"ಕೊಡೋದಿಲ್ವಂತೆ ಸಾರ್. ಬನ್ನಿ, ಸೂಪು ಕುಡೀರಿ."

ಸೆಕ್ರೆಟರಿ ಸೂಪು ಕುಡಿದು, ಪಿಟೀಲಿನ ಹಾಡನ್ನೂ ಕೇಳಬೇಕಾಗಿ ಬಂದು, ಬೇಗ ಹೊರಟರು. ಅವರು ಹೋದ ಮೇಲೆ ಮಗ ಬೀರುವಿನ ಮುಂದೆ ನಿಂತು ಕೆಮ್ಮಿದ.

"ಅಪ್ಪ, ಇರ್ಲಿ, ಇಟ್ಕೊಳ್ಳಿ. ಆದ್ರೆ ಮಗು ಈಗ ಕುರ್ಚಿ ಎಳ್ಕೊಂಡು ಎಲ್ಲಾನೂ ಹತ್ತುತ್ತೆ. ಬೀರುಗೆ ಇನ್ನೊಂದು ಬೀಗ ಹಾಕ್ತೀನಿ. ಅದರ ಕೀಲಿ ನನ್ನ ಹತ್ರ ಇರುತ್ತೆ."

ಮಾವ ಗದ್ದ ಕೆರೆದುಕೊಂಡರು.

"ಹಾಕಪ್ಪ. ಒಂದು ಕೀಲಿ ನಂದು, ಒಂದು ನಿಂದು, ಚಿಲಕ ನಿಮ್ಮಮ್ಮಂದು. ಮೂರು ಜನ ಒಪ್ಪಿದ್ರೇ ನಂಗೆ ಶನಿವಾರ."

"ನಂದೇನಿಲ್ವಾ ಮಾವ?" ಎಂದಳು ಸೊಸೆ.

"ನೀನು ಕಾಗದ ಇಟ್ಕೋ. ಭಾನುವಾರ ಭಾನುವಾರ ತೂರಿಸಿ ನೋಡೋ ಕೆಲಸ ನಿಂದು. ಯಾರು ಏನು ತುರುಕಿದ್ರೂ ನಂಗೆ ಬಂದು ಹೇಳ್ಬೇಕು. ನೀನೇ ತುರುಕಿದ್ರೂ!"

ಶನಿವಾರ ಬೆಳಿಗ್ಗೆ ಮಗ ಕೆಲಸಕ್ಕೆ ಹೊರಡುವ ಮುಂಚೆ ಬೀಗ ತೆಗೆದುಕೊಟ್ಟ. ಅತ್ತೆ ದಾರದುಂಡೆ ಸರಿಸಿ ಚಿಲಕ ಕೊಟ್ಟರು. ಮಾವ ಕೈಯನ್ನು ಒಮ್ಮೆ ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡು, ಯಾರ ಮುಖವನ್ನೂ ನೋಡದೆ ಹೊರಟುಹೋದರು. ಬಂದೂಕು ಸರಿಯಾಯಿತು, ನಿಜ. ಕೈ? ಅದನ್ನು ಕಾಗದದ ಪಟ್ಟಿ ತೂರಿಸಿ ನೋಡುವಂತಿರಲಿಲ್ಲ. ಅತ್ತೆಯೂ ಅದನ್ನೇ ಯೋಚಿಸುತ್ತಿರಬೇಕು. ಒಂದೇ ತೋಳನ್ನು ಎರಡು ಸಲ ಹೊಲಿದು ಬಿಚ್ಚಿದರು.

ಮಧ್ಯಾಹ್ನ ಸೊಸೆ ಬಟಾಣಿ ಸುಲಿಯುತ್ತಿದ್ದಳು. ಅತ್ತೆ ಒಲೆಯ ಮೇಲೆ ಬಾಣಲೆಯಿಟ್ಟು, ಒಂದು ಮೊಟ್ಟೆಯನ್ನು ಬಟ್ಟಲಿನ ಪಕ್ಕ ಇರಿಸಿ, ಬಾಗಿಲ ಕಡೆ ಕಿವಿ ಕೊಟ್ಟಿದ್ದರು. ಕೆಳಗಿನ ಬಾಗಿಲು ಕಿರ್ ಎಂದಿತು. ಹೆಜ್ಜೆ. ಆಮೇಲೆ, ಮೆಟ್ಟಿಲ ಬುಡದಿಂದ ಆ ಸದ್ದು.

"ಬಂದ್ರು," ಎಂದಳು ಸೊಸೆ.

"ಶ್! ಕೇಳಿಸ್ಕೋ."

ಲಟ, ಲಟ, ಎಂದು ಒಂದೊಂದೇ ಮೆಟ್ಟಿಲಿಗೆ ಬರುತ್ತಿದ್ದ ಸದ್ದಲ್ಲ ಅದು. ಲಟಲಟಲಟಲಟ ಎಂದು ಒಂದರ ಮೇಲೊಂದು ಬಿದ್ದು ಬರುತ್ತಿತ್ತು. ಮೊಣಕಾಲು ನೋವಿನ ಮುದುಕರು ಮೆಟ್ಟಿಲು ಬಿಟ್ಟು ಮೆಟ್ಟಿಲು ಹಾರುತ್ತಿದ್ದಂತಿತ್ತು.

ಅತ್ತೆ ಕೈ ಚಾಚಿ ಬುಟ್ಟಿಯಿಂದ ಇನ್ನೊಂದು ಮೊಟ್ಟೆ ತೆಗೆದುಕೊಂಡರು.